ಹುಬ್ಬು ಹೇಳಿಕೊಟ್ಟ ಲೆಕ್ಕ

ಮೂವತ್ತನೆಯ ವಯಸ್ಸಿಗೆ ನಾನು ನಿವೃತ್ತಳಾದೆ. ಯಾರೂ ಶಾಲು ಹೊದಿಸಲಿಲ್ಲ, ಹಣ್ಣಿನ ಬುಟ್ಟಿ ಕೊಡಲಿಲ್ಲ, "ಇವರ ಸ್ಥಾನವನ್ನು ಇನ್ನೊಬ್ಬರು ತುಂಬಲಾರರು" ಎಂದು ಮೈಕಿನ ಮುಂದೆ ಗದ್ಗದಿತರಾಗಲಿಲ್ಲ. ನನ್ನ ಸ್ಥಾನವಂತೂ ಮರುದಿನವೇ ತುಂಬಿತು. ಆದರೂ ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋವರೆಗಿನ ಮನೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಆ ಮನೆಗಳ ಲ್ಯಾಪ್‌ಟಾಪ್‌ಗಳ ಒಳಗೆ, ಐದು ವರ್ಷ ಗಣಿತದ ಟ್ಯೂಷನ್ ಹೇಳಿದವಳಿಗೆ ಅನುಭವ ಕಥನ ಬರೆಯುವ ಅರ್ಹತೆ ಇಲ್ಲವೆನ್ನುವವರು ದಯವಿಟ್ಟು ಮುಂದೆ ಬರಲಿ. ಅವರಿಗೂ ಒಂದು ಲೆಕ್ಕ ಕೊಡುತ್ತೇನೆ.

ಈಗ ನಾನು ಶಾಲೆಯೊಂದರಲ್ಲಿ ಕಾಯಂ ಶಿಕ್ಷಕಿ. ನನ್ನ ಹಳೆಯ ಕಸುಬಿಗೆ ಕಾಲಿಡುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ "ಏನಕ್ಕಾ, ಹೇಗಿರುತ್ತೆ ಈ ಟ್ಯೂಷನ್ ಕೆಲಸ?" ಎಂದು ಕೇಳುತ್ತಾರೆ. ಇದು ಅವರಿಗಾಗಿ. ಇಲ್ಲಿ ಬಡ್ತಿಯ ಕತೆಗಳಿಲ್ಲ. ಟ್ಯೂಷನ್ ಹೇಳುವವಳಿಗೆ ಬಡ್ತಿಯೆಂದರೆ ಅಣ್ಣನಿಗೆ ಕಲಿಸುತ್ತಿದ್ದವಳ ಕೈಗೆ ತಂಗಿಯನ್ನೂ ಒಪ್ಪಿಸುವುದು, ಅಷ್ಟೆ.

2020ರ ಬೇಸಿಗೆಯಲ್ಲಿ ನಾನು ಗಣಿತದ ಸ್ನಾತಕೋತ್ತರ ಪದವಿ ಮುಗಿಸಿ ಕುಳಿತಿದ್ದೆ. ಕೈಗೆ ಬಂದಿದ್ದ ಕೆಲಸ ಕೊರೊನಾದ ಹೊಡೆತಕ್ಕೆ ಆವಿಯಾಗಿತ್ತು. ಪರಿಚಿತರೊಬ್ಬರು ಕೇಶವಮೂರ್ತಿಯವರ ನಂಬರು ಕೊಟ್ಟರು. ಬೆಂಗಳೂರಿನವರು; ಬಹುಕಾಲ ಸಾಫ್ಟ್‌ವೇರಿನಲ್ಲಿದ್ದು, ಅದನ್ನು ಬಿಟ್ಟು, ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಎರಡು ಕೋಣೆಯ ಟ್ಯೂಷನ್ ಕಂಪನಿ ನಡೆಸುತ್ತಿದ್ದರು. ವೀಡಿಯೊ ಸಂದರ್ಶನದಲ್ಲಿ ಅವರು ಕೇಳಿದ್ದು ಎರಡೇ ಪ್ರಶ್ನೆ.

"ಇಂಟರ್ನೆಟ್ ಸ್ಪೀಡ್ ಚೆನ್ನಾಗಿದೆಯೇನಮ್ಮ?"

"ಇದೆ ಸರ್."

"ನಗ್ತೀಯಾ?"

ನಾನು ನಕ್ಕೆ. ಕೆಲಸ ಸಿಕ್ಕಿತು. ಗಣಿತದ ಬಗ್ಗೆ ಅವರು ಏನೂ ಕೇಳಲಿಲ್ಲವೆಂಬುದು ನನಗೆ ಹೊಳೆದದ್ದು ಎರಡು ದಿನಗಳ ನಂತರ. ಕಿರಿಯರೇ, ಇದನ್ನು ಗಮನಿಸಿ: ಅಮೇರಿಕಾದ ಈ ರಾಜ್ಯದಲ್ಲಿ ಒಬ್ಬರ ಕೂದಲು ಕತ್ತರಿಸಬೇಕಾದರೆ ಲೈಸೆನ್ಸ್ ಬೇಕು. ಒಂದು ಮಗುವಿನ ಬುದ್ಧಿಯ ಮೇಲೆ ಕತ್ತರಿ ಆಡಿಸಲು ವೈ-ಫೈ ಇದ್ದರೆ ಸಾಕು. ಇದನ್ನು ಯಾರು ಒಪ್ಪಿದರು, ಯಾವಾಗ ಒಪ್ಪಿದರು ಎಂದು ನಾನು ಇಂದಿಗೂ ಕೇಳುತ್ತಿದ್ದೇನೆ.

ಮೊದಲ ವಾರವೇ ಎರಡು ಆಘಾತ. ಇಪ್ಪತ್ತೈದರ ಹರೆಯದ ನನ್ನನ್ನು ಮಕ್ಕಳೆಲ್ಲ ಒಕ್ಕೊರಲಿನಿಂದ "ಮೇಘನಾ ಆಂಟಿ" ಎಂದದ್ದು ಒಂದು. ಎರಡನೆಯದನ್ನು ಕೊಟ್ಟವನು ಸ್ಯಾಂಟಾ ಕ್ಲಾರಿಟಾದ ರೋಹನ್, ಎಂಟನೆಯ ತರಗತಿ. ಎಂಥ ಏಕಾಗ್ರತೆ! ನಾನು ಸಮೀಕರಣ ಬಿಡಿಸುತ್ತಿದ್ದರೆ ಕಣ್ಣು ಕದಲಿಸದೆ ಕೇಳುತ್ತಿದ್ದ, ತಕ್ಕ ಸಮಯಕ್ಕೆ ತಲೆಯಾಡಿಸುತ್ತಿದ್ದ. ಇಪ್ಪತ್ತು ನಿಮಿಷ ನಾನು ಅವನ ಏಕಾಗ್ರತೆಯನ್ನು ಹೊಗಳಿದೆ, ಹೊಗಳಿಕೆಗೂ ತಲೆಯಾಡಿಸಿದ. ಅಷ್ಟರಲ್ಲಿ ಪರದೆಯ ಅಂಚಿನಿಂದ ಇನ್ನೊಬ್ಬ ರೋಹನ್ ಚಿಪ್ಸ್ ತಿನ್ನುತ್ತ ಒಳಬಂದು, ಮೊದಲನೆಯ ರೋಹನ್‌ನ ಎದೆಯ ಮೂಲಕ ಹಾದು, ಚಾರ್ಜರ್ ತೆಗೆದುಕೊಂಡು ಹೊರಟುಹೋದ. ತಲೆಯಾಡಿಸುತ್ತಿದ್ದವನು ಅವನೇ ಮೊದಲೇ ರೆಕಾರ್ಡ್ ಮಾಡಿ ಪರದೆಯ ಹಿನ್ನೆಲೆಗೆ ಹಾಕಿಟ್ಟಿದ್ದ ವೀಡಿಯೊ.

ಆ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ನಕ್ಕು ಮುಗಿದ ಮೇಲೆ ಒಂದು ಪ್ರತಿಜ್ಞೆ ಮಾಡಿದೆ: ಇನ್ನು ಮುಂದೆ ಪ್ರತಿಯೊಂದು ಮಗುವಿನ ಮುಖವೂ ಪರದೆಯ ತುಂಬ ಕಾಣಬೇಕು, ನನ್ನ ಮುಖವೂ ಅವರ ಪರದೆಯ ತುಂಬ ಇರಬೇಕು. ನನ್ನ ಮುಖವೇ ನನ್ನ ಕರಿಹಲಗೆ ಎಂದು ಕೇಶವಮೂರ್ತಿಯವರಿಗೆ ಹೆಮ್ಮೆಯಿಂದ ಹೇಳಿದೆ. "ಬ್ಯೂಟಿಫುಲ್! ವೆಬ್‌ಸೈಟಿಗೆ ಹಾಕೋಣ" ಎಂದರು. ನನ್ನ ಇಡೀ ವೃತ್ತಿಜೀವನದ ದೊಡ್ಡ ಪ್ರಮಾದ ವೆಬ್‌ಸೈಟನ್ನೇರಿದ್ದು ಹೀಗೆ.

ಇನ್ನು ವಾರದ ವರದಿಗಳು. ಪ್ರತಿ ಶನಿವಾರ ಪ್ರತಿ ಮಗುವಿನ ಬಗ್ಗೆ ಅರ್ಧ ಪುಟ ಬರೆದು ಕಳಿಸಬೇಕು. ಕೇಶವಮೂರ್ತಿಯವರು ತಿದ್ದಿ ತಂದೆತಾಯಿಗೆ ಮುಟ್ಟಿಸುತ್ತಿದ್ದರು. ಮೊದಲನೆಯ ವರದಿಯಲ್ಲಿ ಒಬ್ಬ ಹುಡುಗ "ಭಿನ್ನರಾಶಿಯಲ್ಲಿ ತಡವರಿಸುತ್ತಾನೆ" ಎಂದು ಬರೆದಿದ್ದೆ. ಅದು "ಭಿನ್ನರಾಶಿಯೊಂದಿಗೆ ಆತ್ಮೀಯ ಒಡನಾಟ ಬೆಳೆಸಿಕೊಳ್ಳುತ್ತಿದ್ದಾನೆ" ಎಂದಾಗಿ ಹೋಯಿತು. ಫೋನಿನಲ್ಲಿ ಕೇಳಿದೆ.

"ನೋಡಮ್ಮ, ಪೇರೆಂಟ್ಸ್‌ಗೆ ಹೋಗೋ ರಿಪೋರ್ಟಲ್ಲಿ 'ಆದರೆ' ಅನ್ನೋ ಮಾತು ಇರಬಾರದು," ಎಂದರು. "'ಆದರೆ' ಬಂದ್ರೆ ಅವರು ಹೋಗ್ತಾರೆ."

ನಾನು ಬೇಗ ಕಲಿತೆ. ಎರಡು ತಿಂಗಳಲ್ಲಿ ನನ್ನ ವರದಿಗಳನ್ನು ಅವರು ತಿದ್ದುವ ಅಗತ್ಯವೇ ಉಳಿಯಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ನಾಚಿಕೆಯಾಗಲೇಬೇಕು, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ದಿಯಾ ನನ್ನ ಬಳಿಗೆ ಬಂದದ್ದು ಆ ವರ್ಷದ ಶರತ್ಕಾಲದಲ್ಲಿ. ಸ್ಯಾನ್ ಡಿಯಾಗೋ ಬಳಿಯ ಡೆಲ್ ಮಾರ್‌ನ ಹುಡುಗಿ, ಹನ್ನೊಂದು ವರ್ಷ, ಆರನೆಯ ತರಗತಿ. ತಂದೆ ಮಲ್ಲಿಕಾರ್ಜುನ ಟೆಲಿಕಾಂ ಇಂಜಿನಿಯರ್, ತಾಯಿ ಸವಿತಾ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಇಬ್ಬರೂ ಧಾರವಾಡದ ಕಡೆಯವರು. ಆರು ತಿಂಗಳಿಗೆಂದು ಬಂದು ವಿಮಾನ ನಿಂತುಹೋದದ್ದರಿಂದ ಉಳಿದುಕೊಂಡಿದ್ದ ಮಲ್ಲಿಕಾರ್ಜುನರ ತಾಯಿ, ಗಂಗಮ್ಮಜ್ಜಿ, ಪ್ರತಿ ಪಾಠಕ್ಕೂ ಮೊಮ್ಮಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಪರದೆಯಲ್ಲಿ ನನಗೆ ಅಜ್ಜಿಯ ಅರ್ಧ ಕನ್ನಡಕ ಮತ್ತು ಒಂದು ಕಿವಿಯೋಲೆ ಕಾಣುತ್ತಿತ್ತು.

ದಿಯಾಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮತ್ತು ಎಂಥ ಉತ್ತರಗಳು! ಕೊಂಚ ತಡೆಯುವಳು, "ಟೆನ್...?" ಎನ್ನುವಳು, ತಕ್ಷಣ "ನೋ, ವೇಟ್, ಟ್ವೆಲ್ವ್!" ಎಂದು ತಾನೇ ತಿದ್ದಿಕೊಳ್ಳುವಳು. ಈ ಸ್ವಯಂ-ತಿದ್ದುಪಡಿಯನ್ನು ಕಂಡು ನಾನು ಕುಣಿದಾಡಿದೆ. ಶಿಕ್ಷಣಶಾಸ್ತ್ರದಲ್ಲಿ ಇದಕ್ಕಿಂತ ಶ್ರೇಷ್ಠ ಲಕ್ಷಣ ಇನ್ನಾವುದಿದೆ? "ಅಪೂರ್ವ ಆತ್ಮಪರಿಶೀಲನೆ" ಎಂದು ಬರೆದೆ. "ಸಹಜ ಗಣಿತಪ್ರಜ್ಞೆ" ಎಂದು ಬರೆದೆ. ಇಪ್ಪತ್ತಾರು ವಾರ ಬರೆದೆ. ಇವು ಕೇಶವಮೂರ್ತಿಯವರು ಬರೆಸಿದ ಸುಳ್ಳುಗಳಲ್ಲ. ನಾನು ಮನಃಪೂರ್ವಕವಾಗಿ ನಂಬಿ ಬರೆದವು, ಆದ್ದರಿಂದಲೇ ಹೆಚ್ಚು ಅಪಾಯಕಾರಿ.

ಮಲ್ಲಿಕಾರ್ಜುನ ಆ ವರದಿಗಳನ್ನು ಪ್ರಿಂಟ್ ಮಾಡಿ ಫೈಲಿನಲ್ಲಿ ಸೇರಿಸುತ್ತಿದ್ದರು. ಏಪ್ರಿಲಿನಲ್ಲಿ ಒಂದು ದಿನ ಫೋನ್ ಮಾಡಿದರು. ದಿಯಾಳ ಶಾಲೆಯಲ್ಲಿ ಚುರುಕಾದ ಮಕ್ಕಳು ಗಣಿತದಲ್ಲಿ ಒಂದು ವರ್ಷ ಹಾರಿ ಮೇಲಿನ ತರಗತಿಗೆ ಹೋಗಬಹುದಿತ್ತು. ಎಂದಿನ ಪ್ರವೇಶ ಪರೀಕ್ಷೆಯನ್ನು ಆ ವರ್ಷ ಕೈಬಿಟ್ಟು, ಅರ್ಜಿಯ ಜೊತೆ ಮಗುವಿನ ಸಾಮರ್ಥ್ಯಕ್ಕೆ ಪುರಾವೆ ಲಗತ್ತಿಸಿದರೆ ಸಾಕು ಎಂದಿದ್ದರು.

"ಪುರಾವೆ ಅಂದ್ರ ನಿಮ್ಮ ರಿಪೋರ್ಟ್ಸ್‌ಗಿಂತ ಇನ್ನೇನು ಬೇಕ್ರೀ ಮೇಡಂ?" ಎಂದರು. "ಶುಕ್ರವಾರ ಕಡೇ ದಿನ. ಅದಕ್ಕೂ ಮೊದಲ ಒಂದ್ಸಲ ಮನೀಗೆ ಬರ್ರಿ, ಆಕೀಗೆ ಎದುರಾಎದುರು ಒಂದು ಪಾಠ ಆಗಲಿ."

ಬುಧವಾರ ಹೋದೆ. ಸವಿತಾ ಅವರ ಆಗ್ರಹದಂತೆ ಪಾಠ ಹಿತ್ತಲಿನಲ್ಲಿ. ನಡುವೆ ಆರಡಿ, ಮೂಗು ಬಾಯಿಗೆ ಮಾಸ್ಕ್. ಸಮುದ್ರದ ಕಡೆಯಿಂದ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ನಾನು ದಪ್ಪ ಕಪ್ಪು ಕನ್ನಡಕ ಹಾಕಿ, ಅಗಲ ಅಂಚಿನ ಟೋಪಿಯನ್ನೂ ಇಟ್ಟುಕೊಂಡೆ. ಬ್ಯಾಂಕ್ ದೋಚಲು ಬಂದವಳ ಹಾಗೆ ಕಾಣುತ್ತಿದ್ದೆನೆಂದು ಸವಿತಾ ಆಮೇಲೆ ಹೇಳಿದರು.

"ಸುಲಭದ್ದರಿಂದ ಶುರು ಮಾಡೋಣ. ಅರ್ಧಕ್ಕೆ ಕಾಲು ಸೇರಿಸಿದರೆ?"

"ಟೂ... ಟೂ ಸಿಕ್ಸ್ತ್ಸ್?" ಎಂದಳು ದಿಯಾ.

ನಾನು ಕಾದೆ. ತಾನೇ ತಿದ್ದಿಕೊಳ್ಳುವಳಲ್ಲ!

"ವನ್ ಸಿಕ್ಸ್ತ್?" ನನ್ನತ್ತ ಬಗ್ಗಿದಳು. "ಫೈವ್?" ಇನ್ನಷ್ಟು ಬಗ್ಗಿದಳು. "...ಟ್ವೆಂಟಿ?"

ಇನ್ನೊಂದು ಲೆಕ್ಕ ಕೊಟ್ಟೆ, ಮತ್ತೊಂದು ಕೊಟ್ಟೆ. ಹತ್ತರಲ್ಲಿ ಹತ್ತೂ ತಪ್ಪು. ಬೆಳಕಿಗಾಗಿ ತಡಕಾಡುವವಳಂತೆ ಅವಳು ನನ್ನ ಟೋಪಿ, ಕನ್ನಡಕ, ಮಾಸ್ಕ್‌ಗಳ ನಡುವೆ ಏನನ್ನೋ ಹುಡುಕುತ್ತಿದ್ದಳು. ಕೊನೆಗೆ, "ಆಂಟಿ, ನೀವು ಕನ್ನಡಕ ತೆಗೀಬಹುದಾ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

ನನಗೆ ಏನೂ ತಿಳಿಯಲಿಲ್ಲ. ತಿಳಿಯಪಡಿಸಿದವರು ಅಜ್ಜಿ. ದಿಯಾ ನೀರು ಕುಡಿಯಲು ಒಳಗೆ ಹೋದಾಗ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಹುಡುಗಿ ಪುಸ್ತಕ ಓದೂದಿಲ್ರಿ, ನಿಮ್ಮ ಮಾರಿ ಓದತಾಳ. ಇವತ್ತ ನೀವು ಮಾರಿ ಮುಚ್ಚೀರಿ, ಪುಸ್ತಕಾನೂ ಮುಚ್ಚಿದಂಗಾತು."

"ನನ್ನ ಮುಖ ಓದುತ್ತಾಳಾ? ಹಾಗೆಂದರೆ ಏನಮ್ಮ?"

"ನನಗ ಇಂಗ್ಲಿಷ್ ತಿಳಿಯೂದಿಲ್ಲ. ಅದಕ್ಕ ನಿಮ್ಮ ಮಾರೀನೇ ನೋಡ್ಕೋತ ಕುಂಡರತಿದ್ದೆ. ಆಕಿ ತಪ್ಪ ಹೇಳಿದ್ರ ನಿಮ್ಮ ಎಡಗಡೆ ಹುಬ್ಬು ಕುಣೀತದ. ಸರಿ ಹೇಳಿದ್ರ ಹಲ್ಲು ಕಾಣತಾವ. ನನಗೂ ಹತ್ತರಾಗ ಎಂಟು ಲೆಕ್ಕ ಬರತಾವ್ರಿ ಈಗ."

ನಾನು ನಂಬಲಿಲ್ಲ. ಕನ್ನಡಕ, ಮಾಸ್ಕ್, ಟೋಪಿ ಮೂರನ್ನೂ ತೆಗೆದು, ಅಜ್ಜಿಗೆ ಹದಿನೇಳು ಹದಿಮೂರಲಿ ಎಷ್ಟೆಂದು ಕೇಳಿದೆ. "ನೂರು?" ಎಂದರು, ನನ್ನನ್ನೇ ನೋಡುತ್ತ. "ಮುನ್ನೂರು? ಹ್ಞಾಂ, ಅಲ್ಲ. ಇನ್ನೂರು? ಹತ್ರ ಬಂದೆ. ಇನ್ನೂರಾ ಹತ್ತು... ಇನ್ನೂರಾ ಇಪ್ಪತ್ತು... ಇನ್ನೂರಾ ಇಪ್ಪತ್ತೊಂದು!" ನನ್ನ ಹಲ್ಲುಗಳು ನನ್ನ ಅಪ್ಪಣೆಯಿಲ್ಲದೆ ಹೊರಬಿದ್ದವು. ಅಜ್ಜಿ ಚಪ್ಪಾಳೆ ತಟ್ಟಿದರು. ನನಗೆ ನಗುವೂ ಬಂತು, ನೆಲ ಬಾಯಿಬಿಟ್ಟು ನುಂಗಲಿ ಎಂದೂ ಅನಿಸಿತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಅಮೇರಿಕಾದಾಗ ಹಿಂಗ ಕಲಸ್ತಾರ ಅನ್ಕೊಂಡಿದ್ದೆ," ಎಂದರು ಅಜ್ಜಿ.

ದಿಯಾ ವಾಪಸು ಬಂದಳು. ಅವಳು ಮೋಸಗಾತಿಯಲ್ಲ, ತಾನು ಮಾಡುತ್ತಿರುವುದೇ ಗಣಿತವೆಂದು ಅವಳೂ ನಂಬಿದ್ದಳು. ಹೊರಡುವಾಗ ಕಾರಿನ ತನಕ ಬಂದು ಕೇಳಿದಳು: "ಮುಂದಿನ ವರ್ಷ ದೊಡ್ಡ ಕ್ಲಾಸಿಗೆ ಹೋದಮೇಲೆ, ಪರೀಕ್ಷೆಯಲ್ಲಿ ನೀವೂ ಎದುರಿಗೆ ಕೂತಿರ್ತೀರಾ ಆಂಟಿ?"

ಅರ್ಜಿಗೆ ಎರಡು ದಿನ ಉಳಿದಿತ್ತು. ಅರ್ಧಕ್ಕೆ ಕಾಲು ಕೂಡಿಸಲು ಬಾರದ ಮಗುವನ್ನು ನನ್ನ ಇಪ್ಪತ್ತಾರು ಪ್ರಶಸ್ತಿಪತ್ರಗಳು ಒಂದು ವರ್ಷ ಮುಂದಿನ ತರಗತಿಗೆ ಎಸೆಯಲಿದ್ದವು. ಕಾರಿನಲ್ಲೇ ಕುಳಿತು ಕೇಶವಮೂರ್ತಿಯವರಿಗೆ ಫೋನ್ ಮಾಡಿ, ವರದಿಗಳನ್ನು ಹಿಂತೆಗೆದುಕೊಳ್ಳಬೇಕೆಂದೆ.

"ಕಳಿಸಿ ಆಯ್ತಲ್ಲಮ್ಮ. ಈಗ ಅದು ಅವರದ್ದು."

"ಸರ್, ಹುಡುಗಿಗೆ ಏನೂ ಬರಲ್ಲ. ಆ ಕ್ಲಾಸಲ್ಲಿ ಮುಳುಗಿಹೋಗ್ತಾಳೆ."

"ಮುಳುಗಲ್ಲ. ಸಮ್ಮರ್ ಇದೆಯಲ್ಲ, ವಾರಕ್ಕೆ ಇನ್ನೆರಡು ಕ್ಲಾಸ್ ಹಾಕೋಣ. ಅಲ್ಲಿಗೆ ಹೋದಮೇಲೆ ಕಷ್ಟ ಆದ್ರೆ ಇನ್ನೂ ಎರಡು." ಆಮೇಲೆ ದನಿ ತಗ್ಗಿಸಿದರು. "ನಾವು ನಡೆಸ್ತಿರೋದು ಟ್ಯೂಷನ್, ಮೇಘನಾ. ತಪ್ಪೊಪ್ಪಿಗೆ ಕೇಂದ್ರ ಅಲ್ಲ. ಅಲ್ಲದೆ ರಿಪೋರ್ಟ್ ಕೆಳಗಿರೋದು ನಿನ್ನ ಹೆಸರು. ಯೋಚನೆ ಮಾಡು."

ಯೋಚನೆ ಮಾಡಿದೆ. ನಮ್ಮ ಕಸುಬಿನ ಒಳಗುಟ್ಟು ಆ ಮಾತಿನಲ್ಲಿತ್ತು: ಮಗು ಕಲಿತರೆ ನಮಗೆ ಹೊಗಳಿಕೆ, ಕಲಿಯದಿದ್ದರೆ ನಮಗೆ ಇನ್ನೆರಡು ಪಾಠ. ಎರಡೂ ದಿಕ್ಕಿನಲ್ಲಿ ಗೆಲ್ಲುವವನನ್ನು ಯಾರು ಪ್ರಶ್ನಿಸಬೇಕು? ಆ ದಿನ ನನಗೆ ಕೇಶವಮೂರ್ತಿಯವರ ಮೇಲೆ ಕೆಂಡದಂಥ ಕೋಪ ಬಂತು. ಆದರೆ ಅವರು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಅಪ್ಪಟ ನಿಜ. ಕೆಳಗಿದ್ದದ್ದು ನನ್ನ ಹೆಸರು.

ಗುರುವಾರ ಸಂಜೆ ಮತ್ತೆ ಡೆಲ್ ಮಾರ್‌ಗೆ ಹೋಗಿ ಮಾಸ್ಕ್ ಹಾಕಿಕೊಂಡೇ ಅವರ ಊಟದ ಮೇಜಿನ ಮುಂದೆ ಕುಳಿತು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ದಿಯಾ ಮೇಜಿನ ತುದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಮಲ್ಲಿಕಾರ್ಜುನ ನಂಬಲಿಲ್ಲ.

"ಮಾರಿ ನೋಡಿ ಗಣಿತಾ? ಅದೆಂಗ ಸಾಧ್ಯರೀ? ನಾನೂ ಇಂಜಿನಿಯರ್ ಇದೀನಿ."

"ಹೌದೇನೋ ಇಂಜಿನಿಯರಾ?" ಎಂದರು ಅಜ್ಜಿ. "ಹಂಗಾರ ಹೇಳು. ಹೋಳಿಗಿ ಹೂರಣಕ್ಕ ಒಂದು ಸೇರು ಕಡ್ಲಿಬ್ಯಾಳಿಗೆ ಬೆಲ್ಲ ಎಷ್ಟು?"

"ನನಗೇನ್ ಗೊತ್ತವ್ವಾ... ಕಾಲು ಸೇರು?"

ಅಜ್ಜಿಯ ಮೂಗು ಮುದುರಿತು.

"ಅರ್ಧ ಸೇರು?" ಮೂಗು ಸಡಿಲವಾಯಿತು. "ಮುಕ್ಕಾಲು?" ಕಣ್ಣು ಅರಳತೊಡಗಿತು. "ಒಂದು ಸೇರು! ಸಮ ಸಮ!"

"ಪಾಸಾದಿ!" ಎಂದು ಅಜ್ಜಿ ಮೇಜು ಕುಟ್ಟಿದರು. "ಹುಟ್ಟಿದಾಗಿಂದ ಒಂದು ದಿನಾ ಒಲಿ ಮುಂದ ನಿಂತಿಲ್ಲ, ನಮ್ಮ ಇಂಜಿನಿಯರು ಹೂರಣದ ಲೆಕ್ಕ ಪಾಸಾದ ನೋಡ್ರಿ!"

ಸವಿತಾ ನಕ್ಕುಬಿಟ್ಟರು. ನಾನೂ ತಡೆಯಲಾಗದೆ ನಕ್ಕೆ. ಮಲ್ಲಿಕಾರ್ಜುನ ನಗಲಿಲ್ಲ, ಫೈಲನ್ನು ಮುಂದೆಳೆದುಕೊಂಡರು. "ಆರು ತಿಂಗಳ ನಿಮ್ಮನ್ನ ನಂಬೀವಲ್ರೀ," ಎಂದರು. "ತಪ್ಪು ನನ್ನದು," ಎಂದೆ. "ಅವಳದ್ದಲ್ಲ."

"ಅಲ್ಲಾ, ಬೇಸಿಗ್ಯಾಗ ಚೆಂದಾಗಿ ಓದಿದ್ರ ಆ ಕ್ಲಾಸಿಗೆ ಹೋಗಬಹುದಲ್ಲ?" ಮಲ್ಲಿಕಾರ್ಜುನ ಮತ್ತೆ ಕೇಳಿದರು.

"ಆಕೀನ್ನ ಕೇಳ್ರಿ," ಎಂದರು ಸವಿತಾ. "ದಿಯಾ, ನಿನಗೇನು ಬೇಕವ್ವಾ?"

ದಿಯಾ ತಲೆಯೆತ್ತಿದಳು. ಮೊದಲು ಅಪ್ಪನ ಮುಖ ನೋಡಿದಳು. ಆಮೇಲೆ ಅಮ್ಮನದು, ನನ್ನದು, ಅಜ್ಜಿಯದು, ಮತ್ತೆ ಅಪ್ಪನದು. ಬಾಯಿ ತೆರೆದು, "ಯೆಸ್...?" ಎಂದಳು, ಅಮ್ಮನ ಕಡೆ ಹೊರಳಿ, "ನೋ...?" ಎಂದಳು. ಆಗ ಮೇಜಿನ ಸುತ್ತಲಿದ್ದ ನಾಲ್ವರಿಗೂ ಒಂದೇ ಕ್ಷಣದಲ್ಲಿ ಅರ್ಥವಾಯಿತು.

ಮೊದಲು ಅಜ್ಜಿ ಸೆರಗನ್ನು ಮುಖದ ಮೇಲೆಳೆದುಕೊಂಡರು. ಸವಿತಾ ಎದ್ದು ಗೋಡೆಯ ಕಡೆ ತಿರುಗಿ ನಿಂತರು. ನಾನು ಮಾಸ್ಕನ್ನು ಕಣ್ಣಿನವರೆಗೆ ಏರಿಸಿದೆ. ಮಲ್ಲಿಕಾರ್ಜುನ ಒಂದು ಗಳಿಗೆ ಅತ್ತಿತ್ತ ನೋಡಿ, ಬೇರೇನೂ ತೋಚದೆ, ಅರ್ಜಿಯ ಹಾಳೆಯನ್ನೇ ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಅಡ್ಡವಿಟ್ಟುಕೊಂಡರು. ವಿದ್ಯಾವಂತರಾದ ನಾವು ಮೂವರು ಮತ್ತು ಜಾಣೆಯಾದ ಅಜ್ಜಿ, ಹೀಗೆ ಮುಖವಿಲ್ಲದವರಾಗಿ ಕಾದೆವು. ರೆಫ್ರಿಜರೇಟರ್ ಗುಂಯ್‌ಗುಟ್ಟುತ್ತಿತ್ತು. ಅರ್ಜಿಯ ಹಾಳೆ ಸ್ವಲ್ಪ ಕೆಳಗಿಳಿದ ಸದ್ದಾಯಿತು.

"ಕೆಳಗ ಇಳಸಬ್ಯಾಡೋ ಕಾಗದಾ!" ಎಂದು ಸೆರಗಿನೊಳಗಿನಿಂದ ಗದರಿಕೆ ಬಂತು.

ತುಂಬ ಹೊತ್ತಾದ ಮೇಲೆ ದಿಯಾ ಮಾತಾಡಿದಳು. "ಐ ಡೋಂಟ್ ಗೆಟ್ ಫ್ರ್ಯಾಕ್ಷನ್ಸ್." ಯಾರ ಹುಬ್ಬೂ ಏನೂ ಹೇಳಲಿಲ್ಲ. "ಶೇಕಡಾ ಕೂಡ ಗೊತ್ತಿಲ್ಲ," ಎಂದು ಮುಂದುವರಿಸಿದಳು ತನ್ನ ಇಂಗ್ಲಿಷಿನಲ್ಲಿ. "ಸೊನ್ನೆಗಿಂತ ಕಡಿಮೆ ಇರೋ ಸಂಖ್ಯೆ ಗೊತ್ತಿಲ್ಲ. ಭಾಗಾಕಾರದಲ್ಲಿ ಉಳಿಯುತ್ತಲ್ಲ, ಅದು ಎಲ್ಲಿಗೆ ಹೋಗುತ್ತೆ ಗೊತ್ತಿಲ್ಲ. ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ನಾನು ಹಾರಲ್ಲ. ನನಗೆ ಮೊದಲಿಂದ ಬೇಕು." ಹೇಳುತ್ತ ಹೇಳುತ್ತ ಅವಳ ದನಿ ಏರಿತು, ಗೊತ್ತಿಲ್ಲದವುಗಳ ಪಟ್ಟಿಯನ್ನು ಅವಳು ಹಬ್ಬದ ಅಡುಗೆಯ ಪಟ್ಟಿಯಂತೆ ಒಪ್ಪಿಸುತ್ತಿದ್ದಳು. ಆರು ತಿಂಗಳಲ್ಲಿ ನಾನು ಅವಳಿಂದ ಕೇಳಿದ ಮೊದಲ ಸ್ವಂತ ಉತ್ತರ ಅದು.

ಮಲ್ಲಿಕಾರ್ಜುನ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಕನ್ನಡ ಕೂಟದವರಿಗೆಲ್ಲಾ ಹೇಳಿಬಿಟ್ಟೀನಿ," ಎಂದರು ಸಣ್ಣ ದನಿಯಲ್ಲಿ. "ಈಗ ಅವರಿಗೆ ಹೆಂಗ ಹೇಳಲಿ?"

"ಮಾಸ್ಕ್ ಹಾಕ್ಕೊಂಡು ಹೇಳ್ರಿ," ಎಂದರು ಸವಿತಾ. ಈ ಸಲ ಮಲ್ಲಿಕಾರ್ಜುನರೂ ನಕ್ಕರು.

ಅರ್ಜಿ ಹೋಗಲಿಲ್ಲ. ಆ ಶನಿವಾರ ನಾನು ಇಪ್ಪತ್ತೇಳನೆಯ ವರದಿ ಬರೆದು, ಕಂಪನಿಯನ್ನು ಬಳಸದೆ ನೇರವಾಗಿ ಅವರಿಗೇ ಕಳಿಸಿದೆ. ಅದರಲ್ಲಿ ಒಂಬತ್ತು 'ಆದರೆ'ಗಳಿದ್ದವು. ವಿಷಯ ತಿಳಿದ ಕೇಶವಮೂರ್ತಿಯವರು ಸೋಮವಾರ ಅತ್ಯಂತ ಸೌಜನ್ಯದಿಂದ ನನ್ನನ್ನು ತೆಗೆದುಹಾಕಿದರು. "ನಿನ್ನ ನಗು ಚೆನ್ನಾಗಿತ್ತಮ್ಮ," ಎಂದರು; ಪಾಪ, ನಿಜವಾಗಿಯೂ ಬೇಸರವಾಗಿತ್ತು ಅವರಿಗೆ.

ಆಮೇಲಿನ ನಾಲ್ಕು ವರ್ಷ ಸ್ವಂತವಾಗಿ ಕಲಿಸಿದೆ, ರೀತಿ ಬದಲಿಸಿದೆ. ಮನೆಗಳಲ್ಲಿ ಮಕ್ಕಳ ಎದುರಿಗಲ್ಲ, ಬೆನ್ನ ಹಿಂದೆ ಕೂರುತ್ತಿದ್ದೆ. ಆನ್‌ಲೈನ್‌ನಲ್ಲಿ ಲೆಕ್ಕ ಕೊಟ್ಟು ನನ್ನ ಕ್ಯಾಮೆರಾ ಆರಿಸುತ್ತಿದ್ದೆ. ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಹೇಗೆ ಗೊತ್ತಾಯ್ತು?" ಕೆಲವು ತಂದೆತಾಯಿಗಳು, ಟೀಚರ್ ಮುಖ ತೋರಿಸುವುದಿಲ್ಲವೆಂದು ಬಿಟ್ಟುಹೋದರು. ಹೋಗಲಿ. ಕಿರಿಯರೇ, ನೀವೂ ಹಾಗೇ ಮಾಡಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಪ್ರಮಾದ ಬೇರೆಯದೇ ಇರುತ್ತದೆ. ಅದನ್ನು ಹುಡುಕಿ. ಸಿಕ್ಕಾಗ ಆ ಮನೆಗೆ ಹೋಗಿ, ಮೇಜಿನ ಮುಂದೆ ಕುಳಿತು, ಮಗುವಿನ ಎದುರಿಗೇ ಒಪ್ಪಿಕೊಳ್ಳಿ. ನಿಮ್ಮ ಮೇಲೆ ಕಾನೂನಿಲ್ಲ, ಇನ್‌ಸ್ಪೆಕ್ಟರಿಲ್ಲ. ಬರುವ ತನಕ ನೀವೇ ಇನ್‌ಸ್ಪೆಕ್ಟರು.

ನನ್ನ ಕೆಲಸ ಹೋದ ಆ ಬೇಸಿಗೆ ಪೂರ್ತಿ ದಿಯಾ ನನ್ನ ಬಳಿಯೇ ಭಿನ್ನರಾಶಿಯನ್ನು ಮೊದಲಿನಿಂದ ಕಲಿತಳು. ಬಹಳ ತಪ್ಪಿದಳು, ಎರಡು ಸಲ ಅತ್ತಳು, ಒಂದು ಸಲ ಪೆನ್ಸಿಲನ್ನು ಬೇಲಿಯಾಚೆ ಎಸೆದಳು. ಆಗಸ್ಟಿನಲ್ಲಿ ಶಾಲೆ ಮತ್ತೆ ಕಟ್ಟಡದೊಳಗೆ ಶುರುವಾಯಿತು, ಏಳನೆಯ ತರಗತಿಯ ಸಾಧಾರಣ ಗಣಿತ. ಅಕ್ಟೋಬರಿನ ಒಂದು ಮಧ್ಯಾಹ್ನ ನಾನು ಅಂಗಡಿಯೊಂದರಲ್ಲಿ ಟೊಮೇಟೊ ಆರಿಸುತ್ತಿದ್ದಾಗ ಸವಿತಾ ಅವರ ನಂಬರಿನಿಂದ ಫೋನ್ ಬಂತು. ಆ ಕಡೆ ದಿಯಾ, ಏದುಸಿರು.

"ಆಂಟಿ! ಸೆವೆಂಟಿ ವನ್!"

"ನೂರಕ್ಕಾ?"

"ನೂರಕ್ಕೆ! ಎದುರಿಗೆ ಯಾರೂ ಇರಲಿಲ್ಲ! ಟೀಚರ್ ಹಿಂದೆ ನಿಂತಿದ್ದರು!"

ಹಿಂದಿನಿಂದ ಮಲ್ಲಿಕಾರ್ಜುನರ ದನಿ ಕೇಳಿತು: "ಇನ್ನ ಇಪ್ಪತ್ತೊಂಬತ್ತು ಎಲ್ಲಿ ಹೋದ್ವು ಕೇಳ ಆಕೀನ್ನ!"

"ಅದನ್ನೇ ಹೇಳೋಕೆ ಫೋನ್ ಮಾಡಿದ್ದು ಆಂಟಿ," ಎಂದು ದಿಯಾ ಕಿರುಚಿದಳು. ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಆರನೇದು ತಪ್ಪು, ಹದಿನಾಲ್ಕನೇದು ತಪ್ಪು, ಕೊನೇದು ಪೂರ್ತಿ ತಪ್ಪು. ಯಾಕೆ ತಪ್ಪು ಅಂತ ನನಗೆ ಗೊತ್ತು! ಹೇಳ್ಲಾ?"

ನಾನು ಟೊಮೇಟೊ ಬುಟ್ಟಿಯನ್ನು ನೆಲಕ್ಕಿಟ್ಟು, ಅಂಗಡಿಯ ನಟ್ಟನಡುವೆ ನಿಂತು, "ಹೇಳು," ಎಂದೆ.